ಮೆಗಲೊಡಾನ್ ಹಲ್ಲಿನ ಡೈವ್: ಮೊದಲು ರೀಲ್, ಆಮೇಲೆ ಹಲ್ಲು

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ವಿಲ್ಮಿಂಗ್ಟನ್ ಕಡೆಯಿಂದ ಮೆಗಲೊಡಾನ್ ಎಂಬ ಅಳಿದುಹೋದ ದೈತ್ಯ ಶಾರ್ಕಿನ ಹಲ್ಲು ಹುಡುಕಲು ಹೊರಡುವ ಡೈವ್ ಬೋಟಿನ ಕೆಲಸದಲ್ಲಿ ಹೊಸಬರ ಕೈಗೆ ನಾವು ಮೊದಲು ಕೊಡುವುದು ರೀಲ್, ಅಂದರೆ ದಾರಿ ತಪ್ಪದಂತೆ ಬಿಡುವ ದಾರದ ಉರುಳೆ. ಹಲ್ಲು ಗುರುತಿಸುವುದನ್ನು ಹೋಗುವ ದಾರಿಯಲ್ಲೇ ಹೇಳಿಕೊಡಬಹುದು. ದಾರ ಬಿಟ್ಟುಕೊಂಡು ಹೋಗಿ, ಸುತ್ತಿಕೊಂಡು ವಾಪಸ್ ಬರುವುದು ಮಾತ್ರ ಕೈಗೆ ಮೊದಲೇ ರೂಢಿಯಾಗಿರಬೇಕು.

ಜಾಗ ಆನ್ಸ್ಲೋ ಕೊಲ್ಲಿ. ದಡದಿಂದ 25ರಿಂದ 40 ಮೈಲಿ, ಆಳ ಸುಮಾರು 100 ಅಡಿ, ಅಂದರೆ 30 ಮೀಟರ್. ಮಯೋಸೀನ್ ಕಾಲದ ಪದರಗಳನ್ನು ಸಮುದ್ರ ಕೊರೆದು ಮೆಟ್ಟಿಲಿನಂಥ ಅಂಚುಗಳು ಉಳಿದಿವೆ. ಶಾರ್ಕಿಗೆ ಮೃದ್ವಸ್ಥಿಯ ಮೈ, ಹಾಗಾಗಿ ಉಳಿಯುವುದು ಹೆಚ್ಚಾಗಿ ಹಲ್ಲೇ. ಮೆಗಲೊಡಾನ್ ಬದುಕಿದ್ದದ್ದು ಸುಮಾರು 2.3 ಕೋಟಿ ವರ್ಷಗಳಿಂದ 36 ಲಕ್ಷ ವರ್ಷಗಳ ಹಿಂದಿನವರೆಗೆ. ಅದರ ಅತಿ ದೊಡ್ಡ ಹಲ್ಲುಗಳು 7 ಇಂಚಿನ ಹತ್ತಿರ ಬರುತ್ತವೆ.

ನೇತ್ರಾಣಿಯಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದ ಕನ್ನಡಿಗರೂ ಈ ಡೈವ್ ಬಗ್ಗೆ ವಿಚಾರಿಸುತ್ತಾರೆ. ಆ ಸರ್ಟಿಫಿಕೇಟಿನ ಮಿತಿ 18 ಮೀಟರ್. ಇಲ್ಲಿಗೆ ಅಡ್ವಾನ್ಸ್ಡ್ ಮತ್ತು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಎರಡರ ಸರ್ಟಿಫಿಕೇಟೂ ಬೇಕು. 30 ಮೀಟರಿನಲ್ಲಿ, ಏರುವಾಗ ಕಡ್ಡಾಯವಾಗಿ ನಿಂತು ಬರುವ ಅಗತ್ಯ ಬೀಳದಂತೆ ಇರಲು ಮಾಮೂಲಿ ಗಾಳಿಗೆ ಸುಮಾರು 20 ನಿಮಿಷ ಸಿಕ್ಕರೆ 32% ನೈಟ್ರಾಕ್ಸಿಗೆ ಸುಮಾರು 30 ಸಿಗುತ್ತದೆ. 36% ತರಬೇಡಿ: ಆಮ್ಲಜನಕದ ಒತ್ತಡ 1.4 ಬಾರ್ ಮೀರಬಾರದೆಂಬ ಲೆಕ್ಕಕ್ಕೆ ಅದರ ಮಿತಿ 29 ಮೀಟರಿಗೇ ಮುಗಿಯುತ್ತದೆ, 32%ಕ್ಕೆ 33 ಮೀಟರ್ ದಾಟುತ್ತದೆ. ಅಂಗಡಿಯವರು ಚೀಟಿ ಅಂಟಿಸಿದ್ದರೂ ಸಿಲಿಂಡರಿನ ಆಮ್ಲಜನಕವನ್ನು ನೀವೇ ಅನಲೈಸರ್ ಹಿಡಿದು ಅಳೆದು ನೋಡಿ.

ಇನ್ನು ಗಾಳಿಯ ಲೆಕ್ಕ. ಈ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯ ನಾಲ್ಕು ಪಟ್ಟು. ಮರಳು ಸರಿಸುತ್ತ ಕೆಲಸ ಮಾಡುವವರು ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ 25 ಲೀಟರ್ ಎಳೆದರೂ ಕೆಳಗೆ ಖರ್ಚಾಗುವುದು 100 ಲೀಟರ್. 80 ಕ್ಯುಬಿಕ್ ಅಡಿಯ ಅಲ್ಯುಮಿನಿಯಂ ಸಿಲಿಂಡರಿನಲ್ಲಿ ಇರುವುದೇ ಸುಮಾರು 2,200 ಲೀಟರ್. ಜೊತೆಗಾರರ ಗಾಳಿ ನಿಂತರೆ ಇಬ್ಬರೂ ಒಂದರಲ್ಲೇ ಮೇಲೆ ಬರಬೇಕು. ಗಾಬರಿಯಲ್ಲಿ, ಮೇಲ್ಮೈಯ ಲೆಕ್ಕದಲ್ಲಿ ತಲಾ ನಿಮಿಷಕ್ಕೆ 30 ಲೀಟರ್ ಎಂದಿಟ್ಟುಕೊಳ್ಳಿ. ಕೆಳಗೆ ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 240, ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿನವರೆಗೆ ಏರಲು (ಮೂರು ನಿಮಿಷವೆಂದು ಹಿಡಿದು) 495, ಅಲ್ಲಿ ಮೂರು ನಿಮಿಷ ನಿಲ್ಲಲು 270, ಕೊನೆಯ ಏರಿಕೆಗೆ (ಒಂದು ನಿಮಿಷ) 75. ಒಟ್ಟು 1,080 ಲೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಸಿಲಿಂಡರ್, ಗೇಜಿನಲ್ಲಿ 1,500 ಪಿಎಸ್ಐ. ಹುಡುಕಲು ಉಳಿಯುವುದು 11 ನಿಮಿಷ. ಅದಕ್ಕೇ ನಾವು 120ರ ಸ್ಟೀಲ್ ಸಿಲಿಂಡರನ್ನೇ ಹೇಳುವುದು. ಅಷ್ಟೇ ಗಾಳಿ ಮೀಸಲಿಟ್ಟರೂ ಅದರಲ್ಲಿ ಸುಮಾರು 23 ನಿಮಿಷ ಸಿಗುತ್ತದೆ. ಜೊತೆಗೆ ಪೋನಿ ಎಂಬ ಚಿಕ್ಕ ತುರ್ತು ಸಿಲಿಂಡರ್. 19ರ ಪೋನಿಯಲ್ಲಿರುವ ಗಾಳಿ ಇದೇ ಲೆಕ್ಕದಲ್ಲಿ ಒಬ್ಬರಿಗೆ ಸರಿಯಾಗಿ ಸಾಕು, ಒಂದು ಹನಿಯೂ ಮಿಗುವುದಿಲ್ಲ. 30ರದ್ದನ್ನು ತನ್ನಿ.

ರೀಲನ್ನು ಲಂಗರಿಗೇ ಕಟ್ಟಬಾರದು. ಅಲೆಗೆ ಲಂಗರೂ ಸರಪಳಿಯೂ ಎದ್ದು ಬಿದ್ದು ದಾರವನ್ನು ಉಜ್ಜಿ ಕತ್ತರಿಸುತ್ತವೆ. ಸರಪಳಿ ಮುಗಿದು ಹಗ್ಗ ಶುರುವಾಗುವ ಕಡೆ ಎರಡು ಸುತ್ತು ಹಾಕಿ ಕ್ಲಿಪ್ ಮಾಡಿ, ಅಲ್ಲೇ ಮಿನುಗುವ ದೀಪವೊಂದನ್ನು ಸಿಕ್ಕಿಸಿ. ಸೆಳೆತಕ್ಕೆ ಎದುರಾಗಿ ಅಂಚಿನುದ್ದಕ್ಕೂ ಹೋಗಿ. ಕೆದರಿದ ರಾಡಿ ಹಿಂದಕ್ಕೆ, ನೋಡಿ ಮುಗಿಸಿದ ಜಾಗಕ್ಕೆ ಹರಿಯುತ್ತದೆ, ಮುಂದಿನ ನೆಲ ತಿಳಿಯಾಗಿರುತ್ತದೆ, ದಣಿದು ವಾಪಸಾಗುವಾಗ ಸೆಳೆತವೇ ತಳ್ಳುತ್ತದೆ. ದಾರ ಸದಾ ಬಿಗಿಯಾಗಿರಲಿ. ಸಡಿಲಾದ ದಾರ ಮೊದಲು ಸುತ್ತಿಕೊಳ್ಳುವುದು ಫಿನ್ನಿಗೆ ಅಥವಾ ಬೆನ್ನ ಹಿಂದಿನ ವಾಲ್ವಿಗೆ, ಎರಡೂ ಕಣ್ಣಿಗೆ ಬೀಳದ ಜಾಗ. ಕತ್ತರಿ ಎದೆಯ ಮೇಲಿರಲಿ.

ದಾರ ತಪ್ಪಿತೋ, ಲಂಗರು ಹುಡುಕುತ್ತ ಸುತ್ತಬೇಡಿ. ಸರ್ಫೇಸ್ ಮಾರ್ಕರ್ ಬಲೂನ್ ಬಿಟ್ಟು ಅದರ ಹಗ್ಗ ಹಿಡಿದು ಮೇಲೆ ಬನ್ನಿ. ಕೆಳಗೆ ಉಳಿದವರು ಇದ್ದರೆ ನಾವು ಲಂಗರಿನ ಹಗ್ಗಕ್ಕೆ ತೇಲುಗುಂಡು ಕಟ್ಟಿ ಬಿಟ್ಟು, ನಿಮ್ಮನ್ನು ಹತ್ತಿಸಿಕೊಂಡು ಬರುತ್ತೇವೆ. ಬಲೂನ್ ಕಾಣದಿದ್ದರೆ ಆ ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಬಹಳ ಕಷ್ಟ.

ಹಲ್ಲು ಸಿಗುವುದು ಅಂಚಿನ ಬುಡದ ಜಲ್ಲಿಯಲ್ಲಿ, ತಿಮಿಂಗಿಲದ ಮೂಳೆ ಚೂರುಗಳ ಜೊತೆ. ಅಗೆಯುವುದು ಬೇಡ. ಅಂಗೈಯನ್ನು ಒಂದು ಗೇಣು ಮೇಲಿಟ್ಟು ಬೀಸಣಿಗೆಯಂತೆ ಆಡಿಸಿ, ನಿಂತು, ರಾಡಿ ಹೋಗಲು ಬಿಡಿ. ಪೂರ್ತಿ ತ್ರಿಕೋನ ಕಾಣುವುದು ಅಪರೂಪ. ನೇರವಾದ ಅಂಚು, ಹೊಳಪಿನ ಒಂದು ಪಟ್ಟಿ, ಬೇರಿನ ವಿ ಆಕಾರ, ಇವಕ್ಕೆ ಕಣ್ಣಿಡಿ. ಗ್ಲೌಸ್ ಇದ್ದರೂ ನೋಡದೆ ಅಂಚಿನಡಿ ಕೈ ಹಾಕಬೇಡಿ, ಅಲ್ಲಿ ಲಯನ್‌ಫಿಶ್ ಇರುತ್ತವೆ, ಅವುಗಳ ಮುಳ್ಳಿನಲ್ಲಿ ವಿಷವಿದೆ. ಸರಿಯಾಗಿ ನೋಡದೆ ದೂರದೂರ ಈಜುವವರಿಗಿಂತ ಹತ್ತು ಅಡಿ ಜಾಗವನ್ನು ನಿಧಾನವಾಗಿ ಶೋಧಿಸುವವರ ಚೀಲ ತುಂಬುತ್ತದೆ.

ಆ ಚೀಲವೇ ಇನ್ನೊಂದು ಅಪಾಯ. ದೊಡ್ಡ ಹಲ್ಲೊಂದೇ ಅರ್ಧ ಕಿಲೋ ತೂಗಬಹುದು, ಮೂಳೆಯೂ ಸೇರಿದರೆ ಐದಾರು ಕಿಲೋ. ಆ ಭಾರ ಎತ್ತಲು ಬಿಸಿಡಿಗೆ, ಅಂದರೆ ತೇಲುವಿಕೆ ಹೊಂದಿಸುವ ಜಾಕೆಟ್ಟಿಗೆ, ಗಾಳಿ ತುಂಬಿದರೆ, ಚೀಲ ಕೈಜಾರಿದ ಕ್ಷಣ ನೀವು ಮೇಲಕ್ಕೆ ಚಿಮ್ಮುತ್ತೀರಿ. ಏರಿದಂತೆ ಗಾಳಿ ಹಿಗ್ಗಿ ವೇಗ ಇನ್ನೂ ಹೆಚ್ಚುತ್ತದೆ. ಚೀಲವನ್ನು ಲಿಫ್ಟ್ ಬ್ಯಾಗಿಗೆ (ಗಾಳಿ ತುಂಬಿ ಭಾರ ಮೇಲೆತ್ತುವ ಚೀಲ) ಕಟ್ಟಿ, ಅದು ನೆಲದಿಂದ ಅಲುಗಿದೊಡನೆ ಗಾಳಿ ತುಂಬುವುದನ್ನು ನಿಲ್ಲಿಸಿ ಬಿಟ್ಟುಬಿಡಿ. ಅದರ ಹಗ್ಗದ ಯಾವ ತುದಿಯೂ ನಿಮ್ಮ ಮೈಗೆ ಕ್ಲಿಪ್ ಆಗಿರಬಾರದು.

ಬೋಟಿಗೆ ಬಂದ ಹಲ್ಲನ್ನು ಬಿಸಿಲಲ್ಲಿ ಒಣಗಿಸಬೇಡಿ, ಒಳಗಿನ ಉಪ್ಪು ಹರಳುಗಟ್ಟಿ ಹೊಳಪಿನ ಪದರ ಬಿರಿಯುತ್ತದೆ. ಮನೆಯಲ್ಲಿ ಸಿಹಿನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸುತ್ತ ಒಂದೆರಡು ವಾರ ಇಡಿ. ಅಂಟಿದ ಚಿಪ್ಪು ತೆಗೆಯಲು ವಿನೆಗರ್ ಹಾಕಿದರೆ ಬೇರೂ ಸವೆಯುತ್ತದೆ. ಹಲ್ಲಿನ ಡಾಕ್ಟರರ ಕೊಕ್ಕೆ ಕಡ್ಡಿಯಿಂದ ಕೆರೆದು ತೆಗೆಯಿರಿ.