ಕೊಜುಮೆಲ್‌ನಲ್ಲಿ ಒಂದು ಹಗಲು: ಕ್ರೂಸ್ ಪ್ರಯಾಣಿಕರು ಸ್ನಾರ್ಕೆಲಿಂಗ್ ಪ್ರವಾಸವನ್ನು ಆರಿಸಿಕೊಳ್ಳುವ ಬಗೆ

ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ನಾಲ್ಕೈದು ರಾತ್ರಿಗಳ ಕ್ರೂಸ್‌ಗಳಲ್ಲಿ ಹೆಚ್ಚಿನವು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತವೆ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡ ಕುಟುಂಬಗಳು ಮಕ್ಕಳ ರಜೆಯಲ್ಲಿ, ಊರಿನಿಂದ ಬಂದಿರುವ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಈ ಪ್ರಯಾಣ ಕೈಗೊಳ್ಳುವುದು ಈಗ ಸಾಮಾನ್ಯ. ನಾವು ಹೋದದ್ದೂ ಹಾಗೆಯೇ. ನಮ್ಮಲ್ಲಿ ಮಗಳು ಚೆನ್ನಾಗಿ ಈಜುತ್ತಾಳೆ, ನಾನೂ ನನ್ನ ಪತ್ನಿಯೂ ತಕ್ಕಮಟ್ಟಿಗೆ ಈಜುತ್ತೇವೆ, ಮಾವನವರಿಗೆ ನೀರೆಂದರೆ ಅಳುಕು. ಇಂತಹ ಗುಂಪಿಗೆ ಸ್ನಾರ್ಕೆಲಿಂಗ್ (ಮಾಸ್ಕ್ ಮತ್ತು ಉಸಿರಾಟದ ಕೊಳವೆ ತೊಟ್ಟು, ನೀರಿನ ಮೇಲೆ ತೇಲುತ್ತ ಕೆಳಗಿನದನ್ನು ನೋಡುವುದು) ಪ್ರವಾಸವನ್ನು ಆರಿಸುವಾಗ ಬೆಲೆ ಮತ್ತು ಫೋಟೊಗಳನ್ನು ಬದಿಗಿಟ್ಟು ಎರಡು ಸಂಗತಿಗಳನ್ನು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಈಜುಬಲ್ಲವರಿಗೆ ಆ ನೀರು ಹೊಂದುತ್ತದೆಯೇ, ಮತ್ತು ಇಡೀ ಪ್ರವಾಸದಲ್ಲಿ ನಿಜವಾಗಿ ನೀರಿನೊಳಗೆ ಸಿಗುವ ಸಮಯ ಎಷ್ಟು.

ಕೊಜುಮೆಲ್ ಸುಮಾರು 48 ಕಿಲೋಮೀಟರ್ ಉದ್ದದ, ತಗ್ಗಾದ, ಸುಣ್ಣಕಲ್ಲಿನ ದ್ವೀಪ. ಇದರ ಪಶ್ಚಿಮ ಮತ್ತು ನೈಋತ್ಯ ತೀರಗಳ ಹವಳದ ದಿಬ್ಬಗಳು ಮೆಸೊಅಮೆರಿಕನ್ ಹವಳಶ್ರೇಣಿಯ ಭಾಗವಾಗಿವೆ. 1996ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಸಾಗರ ಉದ್ಯಾನವೆಂದು ಘೋಷಿಸಲಾಯಿತು. ಪೂರ್ವ ತೀರ ನೋಡಲು ಬಹಳ ಸುಂದರವಾಗಿದ್ದರೂ ಅಲ್ಲಿ ಅಲೆಗಳೂ ಸೆಳೆತವೂ ತೀವ್ರವಾಗಿರುವುದರಿಂದ ಸ್ನಾರ್ಕೆಲಿಂಗ್‌ಗೆ ಅದು ಸರಿಯಾದ ಜಾಗವಲ್ಲ. ಹಡಗುಗಳು ನಿಲ್ಲುವುದೂ, ಸ್ನಾರ್ಕೆಲಿಂಗ್ ಬೋಟುಗಳು ಹೊರಡುವುದೂ ಪಶ್ಚಿಮದಿಂದಲೇ.

ಇಲ್ಲಿನ ನೀರಿನ ಮುಖ್ಯ ಗುಣವೆಂದರೆ ಅದರ ಹರಿವು. ದ್ವೀಪಕ್ಕೂ ಮೆಕ್ಸಿಕೋದ ಯುಕಟಾನ್ ಮುಖ್ಯಭೂಮಿಗೂ ನಡುವಿನ ಜಲಸಂಧಿಯಲ್ಲಿ ಸಾಗರ ಪ್ರವಾಹವು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ನೀರು ಅಷ್ಟೊಂದು ತಿಳಿಯಾಗಿರಲು ಈ ಹರಿವೂ ಒಂದು ಕಾರಣ. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್ ಮಾಡಿದವರಿಗೆ ಲಂಗರು ಹಾಕಿದ ಬೋಟಿನ ಸುತ್ತಮುತ್ತಲೇ ತೇಲಿದ ನೆನಪಿರುತ್ತದೆ. ಕೊಜುಮೆಲ್‌ನ ಪಲಂಕಾರ್, ಕೊಲಂಬಿಯಾ ಮೊದಲಾದ ದಿಬ್ಬಗಳಲ್ಲಿ ಹಾಗಲ್ಲ. ಬೋಟು ನಿಮ್ಮನ್ನು ದಿಬ್ಬದ ದಕ್ಷಿಣ ತುದಿಯಲ್ಲಿ ಇಳಿಸುತ್ತದೆ, ಪ್ರವಾಹವು ಗುಂಪನ್ನು ಮೆಲ್ಲಗೆ ಹವಳಗಳ ಮೇಲಿಂದ ಸಾಗಿಸುತ್ತದೆ, ಬೋಟು ಮುಂದೆ ಹೋಗಿ ಕಾದು ಅಲ್ಲಿ ಹತ್ತಿಸಿಕೊಳ್ಳುತ್ತದೆ. ಕೈಕಾಲು ಬಡಿಯುವ ಶ್ರಮವಿಲ್ಲದೆ ಹವಳದ ತೋಟವೊಂದು ಕೆಳಗೆ ಸರಿದುಹೋಗುವುದನ್ನು ನೋಡುವ ಸುಖ ದೊಡ್ಡದು. ಆದರೆ ಯಾವುದೋ ಮೀನನ್ನು ಮತ್ತೊಮ್ಮೆ ನೋಡೋಣವೆಂದು ಹಿಂದಕ್ಕೆ ಈಜಲು ಹೊರಟರೆ ಬೇಗನೆ ದಣಿವಾಗುತ್ತದೆ. ಕಾಲಿಗೆ ನೆಲ ಸಿಗದ ಜಾಗದಲ್ಲಿ ಗಾಬರಿಯಾಗುವವರು ಇಂತಹ ಪ್ರವಾಸಕ್ಕೆ ಹೋಗುವುದಾದರೆ ಗುಂಪು ಚಿಕ್ಕದಾಗಿರಬೇಕು, ಲೈಫ್ ಜಾಕೆಟ್ ಇರಬೇಕು, ನೀರಿಗಿಳಿಯುವ ಗೈಡ್ ಬಳಿ ಹಿಡಿದುಕೊಳ್ಳಲು ತೇಲುಬಳೆ ಇರಬೇಕು. ಒಬ್ಬ ಗೈಡ್‌ಗೆ ಎಷ್ಟು ಜನ ಎಂಬುದನ್ನು ಕಾಯ್ದಿರಿಸುವ ಮೊದಲೇ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯುವುದು ಒಳ್ಳೆಯದು.

ಅಳುಕಿರುವವರಿಗೆ ಹೇಳಿ ಮಾಡಿಸಿದಂತಹ ಜಾಗ ಎಲ್ ಸಿಯೆಲೊ. ದ್ವೀಪದ ನೈಋತ್ಯದಲ್ಲಿ, ಬೋಟಿನಲ್ಲಿ ಮಾತ್ರ ತಲುಪಬಹುದಾದ ಈ ಮರಳುದಿಬ್ಬದ ಮೇಲೆ ನೀರು ಸೊಂಟದಿಂದ ಎದೆಯ ಮಟ್ಟಕ್ಕೆ ಇರುತ್ತದೆ. ಇಲ್ಲಿ ಹವಳವಿಲ್ಲ. ಬಿಳಿ ಮರಳಿನ ಮೇಲೆ ಅಂಗೈಗಿಂತ ದೊಡ್ಡದಾದ, ಕಿತ್ತಳೆ ಮತ್ತು ಕಂದು ಬಣ್ಣದ ನಕ್ಷತ್ರಮೀನುಗಳು ಅಲ್ಲಲ್ಲಿ ಬಿದ್ದುಕೊಂಡಿರುತ್ತವೆ, ಒಮ್ಮೊಮ್ಮೆ ತೊರಕೆ ಮೀನು (ಸ್ಟಿಂಗ್‌ರೇ) ಮರಳನ್ನು ಕೆದರುತ್ತ ಸಾಗುತ್ತದೆ. ಮಾವನವರು ಮೊದಲು ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತು, ಮಾಸ್ಕನ್ನು ನೀರಿಗೆ ತಾಗಿಸಿ ತೆಗೆದು, ತಾಗಿಸಿ ತೆಗೆದು ನೋಡಿದರು. ಕಾಲು ಮರಳಿಗೆ ಊರಿದ ಮೇಲೆ ಒಂದು ನಕ್ಷತ್ರಮೀನಿನ ಎದುರು ಬಗ್ಗಿ, ಅದರ ಬೆನ್ನಿನ ಉಬ್ಬುಗಳ ಸಾಲನ್ನು ಎಷ್ಟು ಹೊತ್ತು ನೋಡಿದರೆಂದರೆ ಗೈಡೇ ಬಂದು ಭುಜ ತಟ್ಟಬೇಕಾಯಿತು. ಆ ಪ್ರಾಣಿಯನ್ನು ಮುಟ್ಟುವಂತಿಲ್ಲ, ಫೋಟೊಗಾಗಿ ನೀರಿನಿಂದ ಎತ್ತುವಂತಂತೂ ಇಲ್ಲವೇ ಇಲ್ಲ; ನೀರಿನ ಮೂಲಕವೇ ಉಸಿರಾಡುವ ಜೀವಿಯನ್ನು ಗಾಳಿಗೆ ಎತ್ತಿದರೆ ಅದಕ್ಕೆ ಹಾನಿಯಾಗುತ್ತದೆ. ಮಕ್ಕಳಿಗೆ ಇದನ್ನು ಬೋಟು ಹತ್ತುವ ಮೊದಲೇ ತಿಳಿಸಿರಬೇಕು.

ಎಲ್ ಸಿಯೆಲೊ ಜೊತೆಗೆ ಒಂದೆರಡು ಹವಳದ ದಿಬ್ಬಗಳನ್ನೂ ಸೇರಿಸಿದ ಬೋಟ್ ಪ್ರವಾಸ ನಮ್ಮಂತಹ ಮಿಶ್ರ ಗುಂಪಿಗೆ ಎಲ್ಲಕ್ಕಿಂತ ಹೊಂದುತ್ತದೆ. ಹವಳದ ಕಡೆ ಈಜುಬಲ್ಲವರು ಇಳಿಯುತ್ತಾರೆ, ಉಳಿದವರು ಬೋಟಿನಲ್ಲಿ ಕುಳಿತಿರಬಹುದು. ಮರಳುದಿಬ್ಬದಲ್ಲಿ ಎಲ್ಲರೂ ಒಟ್ಟಿಗೆ ಇಳಿಯಬಹುದು. ಕೊಲಂಬಿಯಾ ದಿಬ್ಬದ ತಗ್ಗು ಭಾಗದಲ್ಲಿ ಮಗಳ ಕಣ್ಣಿಗೆ ಗಿಳಿಮೀನುಗಳೂ, ನೀಲಿ ಟ್ಯಾಂಗ್ ಮೀನುಗಳ ಹಿಂಡೂ ಸಿಕ್ಕವು. ಗಿಳಿಮೀನು ತನ್ನ ಕೊಕ್ಕಿನಂತಹ ಬಾಯಿಯಿಂದ ಹವಳವನ್ನು ಕೆರೆಯುವ ಕರಕರ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ, ಗಮನವಿಟ್ಟು ಕೇಳಿಸಿಕೊಳ್ಳಿ. ಈ ಹವಳಗಳು ಕಷ್ಟವನ್ನೂ ಕಂಡಿವೆ. 2005ರ ವಿಲ್ಮಾ ಚಂಡಮಾರುತ ಇವನ್ನು ಬಹಳವಾಗಿ ಹಾಳುಗೆಡವಿತು. 2018ರಿಂದ ಈ ಕರಾವಳಿಯಲ್ಲಿ ಕಾಣಿಸಿಕೊಂಡ, ಗಟ್ಟಿ ಹವಳದ ಅಂಗಾಂಶವನ್ನೇ ತಿಂದುಹಾಕುವ ರೋಗದಿಂದ ಹಲವು ಹವಳಗಳು ಸತ್ತವು. 2019ರ ಅಕ್ಟೋಬರ್‌ನಲ್ಲಿ ಪಲಂಕಾರ್, ಕೊಲಂಬಿಯಾ ಮತ್ತು ಎಲ್ ಸಿಯೆಲೊಗಳನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಆದ್ದರಿಂದ ನಿಮ್ಮ ದಿನಾಂಕದಂದು ಆ ಜಾಗ ತೆರೆದಿರುತ್ತದೆಯೇ ಎಂದು ಕೇಳುವುದು ಅಗತ್ಯ. ಸಾಗರ ಉದ್ಯಾನದೊಳಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ನೀರಿಗಿಳಿಯಬಾರದೆಂದು ಗೈಡ್‌ಗಳು ಹೇಳುತ್ತಾರೆ. ತುಂಬು ತೋಳಿನ ಈಜು ಅಂಗಿ ತೊಟ್ಟರೆ ಬೆನ್ನು ಸುಡುವುದಿಲ್ಲ, ಹವಳಕ್ಕೂ ರಾಸಾಯನಿಕ ಸೇರುವುದಿಲ್ಲ. ಉದ್ಯಾನದ ಪ್ರವೇಶ ಶುಲ್ಕ ಪ್ರವಾಸದ ಬೆಲೆಯಲ್ಲಿ ಸೇರಿದೆಯೇ ಎಂಬುದನ್ನೂ ವಿಚಾರಿಸಿ, ಏಕೆಂದರೆ ಎಷ್ಟೋ ಕಡೆ ಅದನ್ನು ಬೋಟು ಹತ್ತುವಾಗ ನಗದಾಗಿ ಕೇಳುತ್ತಾರೆ.

ಬೋಟೇ ಬೇಡ ಎನ್ನುವವರಿಗೆ ಚಂಕನಾಬ್ ಉದ್ಯಾನವಿದೆ. ಟಿಕೆಟ್ ಕೊಂಡು ಒಳಗೆ ಹೋದರೆ ದಡದ ಮೆಟ್ಟಿಲುಗಳಿಂದಲೇ ಸಮುದ್ರಕ್ಕೆ ಇಳಿಯಬಹುದು, ಸಾಕೆನಿಸಿದಾಗ ಮೇಲೆ ಬಂದು ನೆರಳಿನಲ್ಲಿ ಕೂರಬಹುದು. ಹವಳ ಕಡಿಮೆ, ಮೀನು ಸಾಕಷ್ಟು. ವಾಂತಿಯ ತೊಂದರೆ ಇರುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದೇ ಮೇಲು.

ಸಮಯದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರವಾಸದ ವಿವರಣೆಯಲ್ಲಿ ನಾಲ್ಕು ಗಂಟೆ ಎಂದಿದ್ದರೆ ಅದರಲ್ಲಿ ಹೋಗಿಬರುವ ಬೋಟ್ ಪಯಣ, ಸಲಕರಣೆ ಹಂಚುವುದು, ತಿಂಡಿ, ಕೆಲವೊಮ್ಮೆ ಕಡಲತೀರದ ಬಾರ್‌ನಲ್ಲಿ ನಿಲ್ಲುವುದು ಎಲ್ಲವೂ ಸೇರಿರುತ್ತದೆ. ಹಡಗುಕಟ್ಟೆಗಳಿಂದ ಎಲ್ ಸಿಯೆಲೊ ದೂರದಲ್ಲಿರುವುದರಿಂದ ನಿಧಾನದ ದೊಡ್ಡ ಬೋಟಿನಲ್ಲಿ ಹೋದರೆ ನೀರಿನಲ್ಲಿ ಸಿಗುವ ಹೊತ್ತು ಬಹಳ ಕಡಿಮೆಯಾಗಿಬಿಡಬಹುದು. ಎಷ್ಟು ಜಾಗಗಳು ಎಂದು ಕೇಳುವುದರ ಬದಲು ಪ್ರತಿ ಜಾಗದಲ್ಲಿ ಎಷ್ಟು ನಿಮಿಷ ಎಂದು ಕೇಳಿ.

ಇನ್ನು ಗಡಿಯಾರ. ಕೊಜುಮೆಲ್ ಇರುವ ಕ್ವಿಂಟಾನಾ ರೂ ರಾಜ್ಯವು 2015ರಿಂದ ವರ್ಷವಿಡೀ ಒಂದೇ ಸಮಯವನ್ನು ಪಾಲಿಸುತ್ತದೆ. ಅದು ನ್ಯೂಯಾರ್ಕ್‌ನ ಚಳಿಗಾಲದ ಸಮಯಕ್ಕೆ ಸಮ. ಹಡಗುಗಳು ಹಲವೊಮ್ಮೆ ಹೊರಟ ಬಂದರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ. ಗ್ಯಾಲ್ವೆಸ್ಟನ್‌ನಿಂದ ಚಳಿಗಾಲದಲ್ಲಿ ಬಂದ ಅಂತಹ ಹಡಗಿನಲ್ಲಿ ಎಂಟು ಗಂಟೆಯಾದಾಗ ದ್ವೀಪದಲ್ಲಿ ಒಂಬತ್ತಾಗಿರುತ್ತದೆ, ಸ್ಥಳೀಯ ಬೋಟು ನಿಮ್ಮನ್ನು ಬಿಟ್ಟು ಹೊರಟಿರಬಹುದು. ಫ್ಲಾರಿಡಾದಿಂದ ಬೇಸಿಗೆಯಲ್ಲಿ ಬಂದವರಿಗೆ ಅಪಾಯ ಇನ್ನೂ ದೊಡ್ಡದು: ದ್ವೀಪದ ಸಮಯಕ್ಕೆ ತಾನಾಗಿ ಬದಲಾದ ಮೊಬೈಲ್ ಮೂರು ಗಂಟೆ ತೋರಿಸುವಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವೊಂದನ್ನು ಯಾರಾದರೂ ಕಟ್ಟಿಕೊಂಡಿರಲಿ.

ಇದರೊಂದಿಗೇ ಬರುವ ಪ್ರಶ್ನೆ, ಹಡಗಿನವರ ಮೂಲಕವೇ ಕಾಯ್ದಿರಿಸಬೇಕೇ ಅಥವಾ ದ್ವೀಪದ ಬೋಟಿನವರ ಬಳಿಯೇ ಎಂಬುದು. ಹಡಗಿನ ಮೂಲಕ ಹೋದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿಯೇ ಹೋಗಬೇಕಾಗುತ್ತದೆ. ಇನ್ನೊಂದೆಡೆ, ಹಡಗಿನ ಪ್ರವಾಸಗಳಲ್ಲಿ ಗುಂಪು ಸಾಮಾನ್ಯವಾಗಿ ದೊಡ್ಡದು, ಎಲ್ಲರಿಗೂ ಒಂದೇ ವೇಗ. ಹಡಗು ಸಂಜೆಯವರೆಗೂ ನಿಲ್ಲುವುದಾದರೆ, ಬೆಳಗಿನ ಪ್ರವಾಸವನ್ನು ಆರಿಸಿ ಮರಳಿದ ಮೇಲೆ ಕನಿಷ್ಠ ಎರಡು ಗಂಟೆ ಉಳಿಯುವಂತೆ ನೋಡಿಕೊಂಡು, ಚಿಕ್ಕ ಗುಂಪಿನ ಸ್ಥಳೀಯ ಬೋಟನ್ನು ಹಿಡಿಯುವುದೇ ಮೇಲೆಂದು ನಾನು ಹೇಳುತ್ತೇನೆ. ಹಡಗು ನಿಲ್ಲುವುದೇ ಐದಾರು ಗಂಟೆಯಾದರೆ ಆ ಯೋಚನೆಯನ್ನು ಬಿಟ್ಟುಬಿಡಿ. ಬೋಟು ಎಲ್ಲಿಂದ ಹೊರಡುತ್ತದೆ ಎಂಬುದೂ ಮುಖ್ಯ, ಏಕೆಂದರೆ ಕ್ರೂಸ್ ಕಟ್ಟೆಗಳು ಮೂರಿವೆ: ಪುಂಟಾ ಲಂಗೋಸ್ಟಾ ಸಾನ್ ಮಿಗೆಲ್ ಪಟ್ಟಣದೊಳಗೇ ಇದೆ, ಇಂಟರ್‌ನ್ಯಾಷನಲ್ ಮತ್ತು ಪುಯರ್ಟಾ ಮಾಯಾ ಕಟ್ಟೆಗಳು ದಕ್ಷಿಣಕ್ಕಿದ್ದು ಪಟ್ಟಣಕ್ಕೆ ಟ್ಯಾಕ್ಸಿ ಬೇಕು.

ಮಾಸ್ಕಿನ ವಿಷಯದಲ್ಲಿ ಉದಾಸೀನ ಬೇಡ. ಪಟ್ಟಿಯನ್ನು ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅದು ಕೈಬಿಟ್ಟರೂ ಬೀಳದೆ ನಿಂತರೆ ಸರಿಯಾದ ಅಳತೆ. ದಪ್ಪ ಮೀಸೆ ಇರುವವರಿಗೆ ಮೂಗಿನ ಕೆಳಗಿಂದ ನೀರು ಜಿನುಗುತ್ತದೆ, ಅಲ್ಲಿ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ತಡೆಯುತ್ತದೆ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಮಾಸ್ಕನ್ನು ಮನೆಯಿಂದಲೇ ಒಯ್ಯುವುದು ಲೇಸು. ಒಳಗಾಜಿಗೆ ಒಂದು ತೊಟ್ಟು ಬೇಬಿ ಶಾಂಪೂ ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಸಾಧ್ಯವಾದರೆ ಹೊರಡುವ ಮೊದಲು ಹತ್ತಿರದ ಈಜುಕೊಳದಲ್ಲಿ, ನಿಂತೇ ಮುಖ ಮುಳುಗಿಸಿ ಬಾಯಿಯಿಂದ ಉಸಿರಾಡುವುದನ್ನು ಅಭ್ಯಾಸ ಮಾಡಿಸಿ. ಹಿರಿಯರ ಅಳುಕಿನ ಬಹುಪಾಲು ಉಸಿರಿನದು, ಆಳದ್ದಲ್ಲ. ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ನೀರಿಗೆ ಇಳಿಯಬಾರದು.

ಬೋಟಿನ ತಿಂಡಿಯಲ್ಲಿ ಹಸಿ ಮೀನಿನ ಸೆವಿಚೆಯೇ ಪ್ರಧಾನ. ಸಸ್ಯಾಹಾರಿಗಳಿಗೆ ಜೋಳದ ಚಿಪ್ಸ್, ಬೆಣ್ಣೆಹಣ್ಣಿನ ಗ್ವಾಕಮೋಲೆ, ಹಣ್ಣಿನ ಹೋಳುಗಳು ಸಿಗುತ್ತವೆ, ಮುಂಚೆ ತಿಳಿಸಿದರೆ ಬೇರೆ ಪಾತ್ರೆಯಲ್ಲಿ ಇಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮಾತ್ರ ಟಿಕೆಟ್ ಕೊಳ್ಳುವ ಮೊದಲು ಕ್ರೂಸ್ ಕಂಪನಿಯನ್ನೂ ವಲಸೆ ವಕೀಲರನ್ನೂ ಕೇಳಿಕೊಳ್ಳಿ.

ಕೊನೆಯದಾಗಿ ಹವಾಮಾನ. ನವೆಂಬರ್‌ನಿಂದ ಮಾರ್ಚ್‌ವರೆಗೆ ಆಗಾಗ ಉತ್ತರದಿಂದ ಬಿರುಗಾಳಿ ಬೀಸುತ್ತದೆ, ಸ್ಥಳೀಯರು ಅದನ್ನು ನೋರ್ತೆ ಎನ್ನುತ್ತಾರೆ. ಆಗ ಬಂದರಿನ ಅಧಿಕಾರಿ ಚಿಕ್ಕ ಬೋಟುಗಳಿಗೆ ಸಮುದ್ರವನ್ನು ಮುಚ್ಚುತ್ತಾನೆ, ಕೆಲವೊಮ್ಮೆ ಹಡಗೇ ದ್ವೀಪದಲ್ಲಿ ನಿಲ್ಲದೆ ಸಾಗಿಬಿಡುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಪೂರ್ತಿ ಹಣ ಮರಳಿಸುವುದಾಗಿ ಬರೆದುಕೊಡುವ ಬೋಟಿನವರ ಬಳಿ ಮಾತ್ರ ಮುಂಗಡ ಕೊಡಿ.