ಮಿರ್ಜಾನ್ ಕೋಟೆಗೆ ಕ್ಯಾಮೆರಾ ಹೊತ್ತು ಹೋಗುವವರಿಗೆ

ಹುಬ್ಬಳ್ಳಿಯಿಂದ ಗೋಕರ್ಣ, ಮುರ್ಡೇಶ್ವರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಹೆದ್ದಾರಿ ಬದಿಯ ಮಿರ್ಜಾನ್ ಬೋರ್ಡು ನೋಡಿ 'ಮುಂದಿನ ಸಲ ನೋಡೋಣ' ಅಂತ ದಾಟಿ ಹೋಗುತ್ತಿದ್ದೆ. ಹೋದ ಸೆಪ್ಟೆಂಬರ್ ಕೊನೆಗೆ ನಾನು, ನನ್ನ ಕಾಕಾನ ಮಗ ಅದಕ್ಕಂತಲೇ ಹೊರಟೆವು. ಬೆಳಗಿನ ಐದಕ್ಕೆ ಬಿಟ್ಟು, ಯಲ್ಲಾಪುರದಲ್ಲಿ ನಾಷ್ಟಾ ಮಾಡಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದಿಂದ ಕುಮಟಾ ಕಡೆ ತಿರುಗಿದೆವು.

ಮೊದಲ ತಪ್ಪು ಅಲ್ಲೇ ಆಯಿತು. ದಾರಿಯುದ್ದಕ್ಕೂ ಎಸಿ ಹಾಕಿದ್ದೆವು. ಕೋಟೆ ಮುಂದೆ ಕ್ಯಾಮೆರಾ ತೆಗೆದರೆ ಲೆನ್ಸ್ ಪೂರ್ತಿ ಮಂಜು! ಒರೆಸಿದಷ್ಟೂ ಮತ್ತೆ ಕಟ್ಟಿತು. ಸುಮ್ನೆ ಕೂತು ಕಾದೆವು. ಘಟ್ಟ ಇಳಿಯುವಾಗಲೇ ಎಸಿ ಆರಿಸಿ, ಕಿಟಕಿ ತೆಗೆದುಬಿಡಿ.

ಕೋಟೆಯ ಜೊತೆ ಹೇಳುವ ಹೆಸರು 16ನೇ ಶತಮಾನದ ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿಯದು. ಪೋರ್ಚುಗೀಸರು ಆಕೆಯನ್ನು ಕರೆದದ್ದು ಕಾಳುಮೆಣಸಿನ ರಾಣಿ ಅಂತ. ಗೋಡೆ ಎಲ್ಲಾ ಕೆಂಪು ಕಲ್ಲು, ಅಲ್ಲಿಯವರು ಚಿರೆಕಲ್ಲು ಅಂತಾರೆ. ಮಳೆಗಾಲಕ್ಕೆ ಅದರ ಮೇಲೆ ಪಾಚಿ ಹತ್ತಿ ಬುರುಜುಗಳೆಲ್ಲ ಹಸಿರಾಗುತ್ತವೆ. ಮೋಡ ಇದ್ದರೆ ನಡುಮಧ್ಯಾಹ್ನವೂ ಫೋಟೋಕ್ಕೆ ಒಳ್ಳೆಯದೇ. ಆದರೆ ಆಕಾಶ ಬರೀ ಬಿಳಿ, ಆದಷ್ಟು ಅದನ್ನು ಫ್ರೇಮಿನಿಂದ ಹೊರಗಿಡಿ. ಗೋಡೆಯ ತಿರುವು, ಕಂದಕ, ಬಾವಿಗಳೇ ಸಾಕು. ಹಳೇ ಚಪ್ಪಲಿ ಬೇಡ, ಜಾರುತ್ತದೆ. ನನ್ನ ಮೊಣಕಾಲು ಸಾಕ್ಷಿ. ಇದು ಸಂರಕ್ಷಿತ ಸ್ಮಾರಕ. ಡ್ರೋನ್‌ಗೆ ಮೊದಲೇ ಅನುಮತಿ ಬೇಕು, ಟ್ರೈಪಾಡ್ ಬಿಚ್ಚುವ ಮುಂಚೆ ಕಾವಲುಗಾರರನ್ನು ಕೇಳಿ. ಸಂಜೆ ಗೇಟು ಹಾಕುತ್ತಾರೆ, ಸೂರ್ಯಾಸ್ತ ಅಲ್ಲಿ ನಂಬಿಕೊಳ್ಳಬೇಡಿ.

ಸಂಜೆಗೆ ಅಘನಾಶಿನಿಯ ಅಳಿವೆ ಇದೆಯಲ್ವಾ. ಅಣೆಕಟ್ಟು ಕಾಣದ ನದಿ, 2024ರಲ್ಲಿ ಅಳಿವೆ ರಾಮ್ಸರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಆದರೂ ಪ್ರವಾಸಿಗರು ಕಮ್ಮಿ. ನೀರು ಇಳಿದಾಗ ಮಾತ್ರ ಕೆಸರಿನ ಬಯಲು, ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಕಾಣುತ್ತವೆ. ನಾವು ಹೋದಾಗ ತುಂಬಿ ನಿಂತಿತ್ತು. ಹಿಂದಿನ ಭಾನುವಾರದ ಉಬ್ಬರ-ಇಳಿತದ ಸಮಯ ನೋಡಿಕೊಂಡು ಹೋಗಿದ್ದೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅಂದರೆ ವಾರದಲ್ಲಿ ಹೆಚ್ಚುಕಮ್ಮಿ ಆರು ತಾಸು. ಇಳಿತವಿದ್ದ ಹೊತ್ತಿಗೆ ಸರಿಯಾಗಿ ಉಬ್ಬರ! ಹೊರಡುವ ದಿನದ್ದೇ ನೋಡಿ.

ಪಕ್ಕದ ಸಾಣಿಕಟ್ಟಾ ಉಪ್ಪಿನ ಗದ್ದೆ ಮಳೆಯಲ್ಲಿ ಬರೀ ನೀರು. ಉಪ್ಪಿನ ರಾಶಿ ಬೇಕಾದರೆ ಮಾರ್ಚ್, ಏಪ್ರಿಲ್. ಆಗ ಕೋಟೆಯ ಹಸಿರು ಒಣಗಿರುತ್ತದೆ. ಎರಡೂ ಒಂದೇ ಟ್ರಿಪ್ಪಿನಲ್ಲಿ ಸಿಗಲ್ಲ. ಬೇಸಿಗೆಯಲ್ಲಿ ಮತ್ತೆ ಹೋಗೋಣ ಅಂದರೆ ತಮ್ಮ ಈಗಲೇ ನೆಪ ಹುಡುಕುತ್ತಿದ್ದಾನೆ, ಬಿಸಿಲಂತೆ.