ಟೆಸ್ಟ್ ಕೇಸ್ ಎಲ್ಲಾ ಪಾಸ್ ಆಯ್ತು, ಆಮೇಲೆ?

ನಾನು ಶಿವಮೊಗ್ಗದಲ್ಲಿ ಸಾಫ್ಟ್‌ವೇರ್ ಟೆಸ್ಟರ್. ತಂಡಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಟೆಸ್ಟ್ ಕೇಸ್ ಅಂದರೆ ಇದನ್ನು ಮಾಡಿದರೆ ಇದು ಆಗಬೇಕು ಎಂದು ಮೊದಲೇ ಬರೆದಿಟ್ಟ ಒಂದೊಂದು ಪರೀಕ್ಷೆ. ನನ್ನ ಪ್ರಕಾರ ನಿಜವಾದ ಟೆಸ್ಟಿಂಗ್ ಶುರುವಾಗುವುದೇ ಆಮೇಲೆ. ರಿಕ್ವೈರ್‌ಮೆಂಟ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಬರೆದ ಪಟ್ಟಿಯಲ್ಲಿ, ಇರುವುದು ಅದನ್ನು ಬರೆದವರಿಗೆ ನೆನಪಾದ ವಿಷಯ ಮಾತ್ರ. ಅದಕ್ಕೆ ಟಿಕ್ ಹಾಕುವ ಕೆಲಸವೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದನ್ನು ತಾನಾಗಿ ಓಡುವ ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಕೂಡ ಮಾಡುತ್ತದೆ ಅಲ್ವಾ?

ಒಂದು ಅಡಿಕೆ ಮಂಡಿಗೆ ನಾವು ಆ್ಯಪ್ ಮಾಡಿಕೊಟ್ಟೆವು. ಬೆಳೆಗಾರರು ತಂದ ಅಡಿಕೆಯ ದರ್ಜೆ ರಾಶಿಯೋ, ಬೆಟ್ಟೆಯೋ, ಸರಕೋ ಎಂದು ನಮೂದಿಸಿ, ತೂಕ ಹಾಕಿ, ರಸೀದಿ ಕೊಡುವುದು ಅದರ ಕೆಲಸ. ರಿಕ್ವೈರ್‌ಮೆಂಟ್‌ನಲ್ಲಿ ಇದ್ದದ್ದು ಒಂದೇ ಸಾಲು: ಸೇವ್ ಒತ್ತಿದರೆ ರಸೀದಿ ಬರಬೇಕು. ಬಂತು. ಪಾಸ್.

ನಮ್ಮ ತಂಡದ ಹುಡುಗಿಯೊಬ್ಬಳು ಅಷ್ಟಕ್ಕೇ ಬಿಡಲಿಲ್ಲ. ಅವಳು ಹೊಸನಗರದ ಕಡೆಯವಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಕೈಕೊಡುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಸೇವ್ ಒತ್ತಿದವಳೇ ಫೋನಿನ ಡೇಟಾ ಆಫ್ ಮಾಡಿದಳು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗ ಏನು ಮಾಡುತ್ತಾರೆ? ಎದುರಿಗೆ ಜನ ನಿಂತಿರುತ್ತಾರೆ. ಹಮಾಲರು ಮುಂದಿನ ಚೀಲ ತಂದು ಕಾಟಾದ ಮೇಲೆ ಇಟ್ಟಿರುತ್ತಾರೆ. ರೈಟರ್ ಕಾಯುವುದಿಲ್ಲ, ಇನ್ನೊಮ್ಮೆ ಒತ್ತುತ್ತಾರೆ. ಅವಳೂ ಒತ್ತಿದಳು. ಡೇಟಾ ಆನ್ ಮಾಡಿ ನೋಡಿದರೆ ಒಂದೇ ಅಡಿಕೆಗೆ ಎರಡು ರಸೀದಿ, ಲೆಕ್ಕದಲ್ಲಿ ಎರಡರಷ್ಟು ತೂಕ. ಮೊದಲ ಸಲ ಒತ್ತಿದ್ದು ಸರ್ವರ್‌ಗೆ ತಲುಪಿಯೇ ಇತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ.

"ಇದು ರಿಕ್ವೈರ್‌ಮೆಂಟ್‌ನಲ್ಲಿ ಇಲ್ಲವಲ್ಲ, ಬಗ್ ಹೇಗಾಗುತ್ತೆ?" ಎಂದು ಡೆವಲಪರ್ ಕೇಳಿದರು. ನಾವು ವಾದಕ್ಕೆ ಇಳಿಯಲಿಲ್ಲ. ಎರಡೂ ರಸೀದಿ ಮುಂದಿಟ್ಟು, ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು ಎಂದು ಕೇಳಿದೆವು. ಈಗ ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಸೇರುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ರಸೀದಿ ಮಾಡದೆ ಹಳೆಯದನ್ನೇ ಕಳಿಸುತ್ತದೆ.

ಕನ್ನಡದಲ್ಲಿ ಊರಿನ ಹೆಸರು ಹುಡುಕುವಾಗ ಸಿಕ್ಕಿದ ತೊಂದರೆ ಇನ್ನೂ ಸೂಕ್ಷ್ಮ. ಕೋಣಂದೂರು ಎಂದು ಹುಡುಕಿದರೆ ಕೆಲವು ಬೆಳೆಗಾರರು ಬರುತ್ತಿದ್ದರು, ಕೆಲವರು ಇಲ್ಲ. ಕಣ್ಣಿಗೆ ಎರಡೂ ಕಡೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 'ಕೋ'ದ ಓತ್ವವನ್ನು ಒಂದೇ ಕೋಡ್ ಆಗಿಯೂ ಇಡಬಹುದು, ಒತ್ವ ಮತ್ತು ದೀರ್ಘ ಎಂದು ಬೇರೆ ಬೇರೆ ಕೋಡ್ ಆಗಿಯೂ ಇಡಬಹುದು. ಹಳೆ ಪಟ್ಟಿಯಿಂದ ಬಂದ ಹೆಸರುಗಳು ಒಂದು ಥರ, ಫೋನಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಥರ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಬೇಕು, ಅಷ್ಟೇ. ಆದರೆ "ಹೆಸರಿನಿಂದ ಹುಡುಕಲು ಆಗಬೇಕು" ಎಂಬ ಸಾಲು ಓದಿ ಇದು ಯಾರಿಗೆ ಹೊಳೆಯುತ್ತದೆ?

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡಿಗೆ ಒಡೆದುಹೋಯಿತು. ದಿಕ್ಕು ನೋಡಿಕೊಳ್ಳುವ ಸಾಫ್ಟ್‌ವೇರ್ ಏರಿಯಾನ್ 4ರಿಂದ ತಂದದ್ದು, ಅಲ್ಲಿ ಚೆನ್ನಾಗಿಯೇ ನಡೆದಿತ್ತು. ಹೊಸ ರಾಕೆಟ್‌ನ ಅಡ್ಡ ವೇಗ ಜಾಸ್ತಿ. ಅದಕ್ಕೆ ಸಂಬಂಧಿಸಿದ 64 ಬಿಟ್‌ನ ಸಂಖ್ಯೆ 16 ಬಿಟ್‌ನ ಚಿಕ್ಕ ಜಾಗದಲ್ಲಿ ಹಿಡಿಸಲಿಲ್ಲ, ದಿಕ್ಕು ನೋಡುವ ಕಂಪ್ಯೂಟರ್ ನಿಂತುಹೋಯಿತು. ಬದಲಿಗೆಂದು ಇಟ್ಟ ಎರಡನೆಯ ಕಂಪ್ಯೂಟರ್‌ನಲ್ಲೂ ಅದೇ ಸಾಫ್ಟ್‌ವೇರ್ ಇದ್ದದ್ದರಿಂದ ಅದೂ ಹಾಗೇ ನಿಂತಿತು. ಏರಿಯಾನ್ 5 ಹಾರುವ ಪಥದ ವಿವರ ದಿಕ್ಕು ನೋಡುವ ಆ ಸಾಧನದ ರಿಕ್ವೈರ್‌ಮೆಂಟ್‌ನಲ್ಲೇ ಇರಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು.

ಮ್ಯಾನೇಜರ್‌ಗಳಲ್ಲಿ ನನ್ನದೊಂದು ಕೋರಿಕೆ. ಎಷ್ಟು ಕೇಸ್ ಪಾಸ್ ಆಯ್ತು ಎಂದು ಕೇಳಿ, ತಪ್ಪಿಲ್ಲ. ಜೊತೆಗೆ ಏನನ್ನು ಇನ್ನೂ ನೋಡಿಲ್ಲ ಎಂದೂ ಕೇಳಿ. ಟೆಸ್ಟರ್‌ಗಳನ್ನು ಆಗಾಗ ಮಂಡಿಗೂ ಕಳಿಸಿ. ನಮ್ಮ ವರದಿಯಲ್ಲಿ ಈಗ ನೋಡದೇ ಬಿಟ್ಟದ್ದಕ್ಕೇ ಒಂದು ಜಾಗ ಇದೆ. ಈ ಸಲ ಅಲ್ಲಿ ಬರೆದದ್ದು: ಪ್ರಿಂಟ್ ಆಗುವಾಗ ಅರ್ಧಕ್ಕೆ ಕಾಗದ ಮುಗಿದರೆ ರಸೀದಿ ಏನಾಗುತ್ತದೆ? ಅದನ್ನು ಈ ವಾರ ನೋಡುತ್ತಿದ್ದೇವೆ.